ಮನೆಯ ಬಿಲ್ಲು ಕಣ್ತಪ್ಪದಿರಲು ಹದಿಮೂರು ಸೂತ್ರಗಳು

ಮೊದಲೆಲ್ಲ ಕರೆಂಟ್ ಬಿಲ್ ಮನೆಮಂದಿಯೆಲ್ಲರ ಕಣ್ಣಿಗೂ ಬೀಳುತ್ತಿತ್ತು. ಮೀಟರ್ ರೀಡರ್ ಕೊಟ್ಟುಹೋದ ಚೀಟಿ ಟಿವಿ ಮೇಲೋ ಕ್ಯಾಲೆಂಡರ್ ಹಿಂದೆಯೋ ಕೂತಿರುತ್ತಿತ್ತು. ದುಡ್ಡು ಕಟ್ಟಿ ಬಂದ ಮೇಲೆ ಗೋಡೆಯ ಮೊಳೆಗೆ ತೂಗುಬಿಟ್ಟ ತಂತಿಗೆ ಸೇರುತ್ತಿತ್ತು. "ಈ ತಿಂಗಳು ಯಾಕಿಷ್ಟು?" ಎಂದು ಅಜ್ಜಿಯೂ ಕೇಳುತ್ತಿದ್ದರು. ಈಗ ಬಿಲ್ ಒಬ್ಬರ ಫೋನಿಗೆ ಬರುತ್ತದೆ, ಅಲ್ಲೇ ಪಾವತಿಯಾಗುತ್ತದೆ, ಉಳಿದವರಿಗೆ ಸುದ್ದಿಯೇ ಇಲ್ಲ. ಬಿಸಿಲಲ್ಲಿ ಸಾಲು ನಿಲ್ಲುವುದು ತಪ್ಪಿತಲ್ಲ, ಅದು ನಿಜವಾದ ಸುಖ. ನಾನು ಇ-ಬಿಲ್ಲಿನ ಪರವೇ. ಆದರೆ ಕಟ್ಟುವುದು ಸಲೀಸಾದ ಹಾಗೆಲ್ಲ ಓದುವ ಅಭ್ಯಾಸ ತಪ್ಪಿಹೋಯಿತು. ಮನೆಯ ದುಡ್ಡು ಸೋರುವುದು ಅಲ್ಲಿಂದಲೇ. ಕಾಗದ ಮೇಲೋ ಫೋನ್ ಮೇಲೋ ಎಂಬ ವಾದ ಆಮೇಲೆ ಇರಲಿ. ಬಿಲ್ ಯಾವ ದಾರಿಯಲ್ಲಿ ಬಂದರೂ ಅದನ್ನು ಓದುವವರು ಮನೆಯಲ್ಲಿ ಒಬ್ಬರಾದರೂ ಇರಬೇಕು.

1. ಎಲ್ಲಾ ನಂಬರ್‌ಗಳನ್ನು ಒಂದು ಹಾಳೆಯಲ್ಲಿ ಬರೆದಿಡಿ

ಕರೆಂಟಿನ ಆರ್.ಆರ್. ನಂಬರ್ ಮತ್ತು ಅಕೌಂಟ್ ಐಡಿ, ನೀರಿನ ಆರ್.ಆರ್. ನಂಬರ್, ಗ್ಯಾಸಿನ 17 ಅಂಕಿಯ ಎಲ್‌ಪಿಜಿ ಐಡಿ, ಬ್ರಾಡ್‌ಬ್ಯಾಂಡ್, ಡಿಟಿಎಚ್, ಆಸ್ತಿ ತೆರಿಗೆಯ ಸಂಖ್ಯೆ, ಎಲ್ಲವೂ ಅದರಲ್ಲಿರಲಿ. ಪ್ರತಿಯೊಂದರ ಎದುರು ಮೂರು ವಿಷಯ ಬರೆಯಿರಿ: ಬಿಲ್ ಯಾರ ಹೆಸರಿನಲ್ಲಿದೆ, ಯಾವ ಮೊಬೈಲ್‌ಗೆ ಬರುತ್ತದೆ, ಯಾವ ಖಾತೆಯಿಂದ ದುಡ್ಡು ಹೋಗುತ್ತದೆ. ಈ ಹಾಳೆ ಮಾತ್ರ ಕಾಗದದಲ್ಲೇ ಇರಬೇಕು, ಬೀರುವಿನ ಒಳಬಾಗಿಲಿಗೆ ಅಂಟಿಸಿರಬೇಕು.

ಯಾಕೆಂದರೆ ಎಷ್ಟೋ ಮನೆಗಳಲ್ಲಿ ಬಿಲ್ಲುಗಳೆಲ್ಲ ಗಂಡನ ಫೋನಿನಲ್ಲಿರುತ್ತವೆ. ಆತ ಆಸ್ಪತ್ರೆ ಸೇರಿದ ವಾರವೇ ಇಂಟರ್‌ನೆಟ್ ನಿಲ್ಲುತ್ತದೆ, ಗ್ಯಾಸ್ ಬುಕ್ ಮಾಡುವುದು ಯಾವ ನಂಬರ್‌ನಿಂದ ಎಂದು ತಿಳಿಯುವುದಿಲ್ಲ. ಆತ ತೀರಿಕೊಂಡರಂತೂ ಹೆಂಡತಿ ದುಃಖದ ನಡುವೆಯೇ ಪಾಸ್‌ವರ್ಡ್ ಹುಡುಕುತ್ತಾ ಕೂರಬೇಕಾಗುತ್ತದೆ. ಅರ್ಧ ಗಂಟೆಯ ಬರವಣಿಗೆ ಈ ಸಂಕಟವನ್ನು ತಪ್ಪಿಸುತ್ತದೆ. ಪಿನ್ ಮತ್ತು ಪಾಸ್‌ವರ್ಡ್‌ಗಳನ್ನು ಮಾತ್ರ ಆ ಹಾಳೆಯ ಮೇಲೆ ಬರೆಯಬೇಡಿ.

2. ರೂಪಾಯಿಗಿಂತ ಮೊದಲು ಯೂನಿಟ್ ನೋಡಿ

ಫೋನಿನ ಆ್ಯಪ್ ತೋರಿಸುವುದು ಒಂದೇ ಅಂಕಿ: ಕಟ್ಟಬೇಕಾದ ಮೊತ್ತ. ಬಿಲ್ಲಿನ ಜೀವ ಅದರಲ್ಲಿಲ್ಲ, ಹಿಂದಿನ ರೀಡಿಂಗ್, ಈಗಿನ ರೀಡಿಂಗ್ ಮತ್ತು ಬಳಕೆ ಎಂಬ ಮೂರು ಸಾಲುಗಳಲ್ಲಿದೆ. ಬಿಲ್ ಬಂದ ದಿನ ಮೀಟರ್ ಹತ್ತಿರ ಹೋಗಿ ಒಂದು ಫೋಟೊ ತೆಗೆಯಿರಿ. ಮೀಟರ್‌ನಲ್ಲಿರುವ ಅಂಕಿ ಬಿಲ್ಲಿನ "ಈಗಿನ ರೀಡಿಂಗ್"ಗಿಂತ ಸ್ವಲ್ಪ ಹೆಚ್ಚಿದ್ದರೆ ಸರಿ. ಕಡಿಮೆ ಇದ್ದರೆ ಓದಿದ್ದರಲ್ಲಿ ತಪ್ಪಾಗಿದೆ. ಮನೆಗೆ ಬೀಗ ಹಾಕಿದ್ದ ತಿಂಗಳಲ್ಲಿ ರೀಡಿಂಗ್ ಸಿಗದೆ ಸರಾಸರಿಯ ಮೇಲೆ ಬಿಲ್ ಹಾಕಿರುತ್ತಾರೆ. ಅದನ್ನೂ ಬಿಲ್ಲಿನಲ್ಲಿ ನಮೂದಿಸಿರುತ್ತಾರೆ, ಆ್ಯಪ್‌ನಲ್ಲಿ ಮೊತ್ತ ಮಾತ್ರ ನೋಡುವವರಿಗೆ ಅದು ಕಾಣುವುದಿಲ್ಲ.

ಆಮೇಲೆ ಉಳಿದ ಸಾಲುಗಳು. ಮಂಜೂರಾದ ಕಿಲೋವ್ಯಾಟ್ ಲೋಡ್‌ನ ಮೇಲೆ ಸ್ಥಿರ ಶುಲ್ಕ ಬೀಳುತ್ತದೆ. ಕರೆಂಟನ್ನೇ ಬಳಸದ ತಿಂಗಳೂ ಅದನ್ನು ಕಟ್ಟಬೇಕು. ಬಳಕೆಯ ಶುಲ್ಕದ ಮೇಲೆ ಶೇ. 9ರಷ್ಟು ವಿದ್ಯುತ್ ತೆರಿಗೆ ಇದೆ. ಇಂಧನ ಮತ್ತು ವಿದ್ಯುತ್ ಖರೀದಿ ವೆಚ್ಚದ ಹೊಂದಾಣಿಕೆ ಶುಲ್ಕ ತಿಂಗಳಿಂದ ತಿಂಗಳಿಗೆ ಏರಿಳಿಯುತ್ತದೆ. 2025ರ ಏಪ್ರಿಲ್‌ನಿಂದ ನೌಕರರ ಪಿಂಚಣಿ ಮತ್ತು ಗ್ರಾಚುಯಿಟಿಗೆಂದು ಇನ್ನೊಂದು ಸಾಲು ಸೇರಿತು. ಆ ವರ್ಷಕ್ಕೆ ಅದು ಯೂನಿಟ್‌ಗೆ 36 ಪೈಸೆ. ಬಳಕೆ ಅಷ್ಟೇ ಇದ್ದು ಬಿಲ್ ಏರಿದೆ ಅನ್ನಿಸಿದರೆ ಕಾರಣ ಈ ಸಾಲುಗಳಲ್ಲಿರುತ್ತದೆ. ಬಳಕೆಯೇ ಏರಿದ್ದರೆ ಕಾರಣ ಮನೆಯೊಳಗಿದೆ, ಬಹುಮಟ್ಟಿಗೆ ಗೀಸರ್‌ನಲ್ಲಿ.

ನೀರಿನ ಬಿಲ್ಲಿಗೂ ಒಂದು ಲೆಕ್ಕ ಕೈಯಲ್ಲಿರಲಿ. ನಗರವಾಸಿಯೊಬ್ಬರಿಗೆ ದಿನಕ್ಕೆ 135 ಲೀಟರ್ ಎಂಬುದು ನೀರು ಪೂರೈಕೆಯ ಯೋಜನೆಗೆ ಬಳಸುವ ಮಾನದಂಡ. ನಾಲ್ವರ ಮನೆಗೆ ದಿನಕ್ಕೆ 540 ಲೀಟರ್, ತಿಂಗಳಿಗೆ ಸುಮಾರು 16 ಸಾವಿರ ಲೀಟರ್, ಅಂದರೆ 16 ಕಿಲೋಲೀಟರ್. ನಿಮ್ಮ ಬಿಲ್ಲು 30 ತೋರಿಸುತ್ತಿದ್ದರೆ ಸಂಪಿನ ಫ್ಲೋಟ್ ವಾಲ್ವ್ ನೋಡಿ, ಫ್ಲಶ್ ಟ್ಯಾಂಕ್ ನೋಡಿ. ರಾತ್ರಿ ನಲ್ಲಿಗಳನ್ನೆಲ್ಲ ಮುಚ್ಚಿ ಟ್ಯಾಂಕಿನ ಮಟ್ಟಕ್ಕೆ ಗುರುತು ಹಾಕಿ ಮಲಗಿದರೆ ಬೆಳಿಗ್ಗೆ ಸೋರಿಕೆ ತಾನಾಗಿಯೇ ಹೇಳುತ್ತದೆ. ಬೆಂಗಳೂರಿನಲ್ಲಿ 2014ರ ನಂತರ ಮೊದಲ ಬಾರಿಗೆ 2025ರ ಏಪ್ರಿಲ್‌ನಲ್ಲಿ ನೀರಿನ ದರ ಏರಿತು. ಸೋರಿದ ಒಂದೊಂದು ಕೊಡಕ್ಕೂ ಈಗ ಹಿಂದಿಗಿಂತ ಹೆಚ್ಚು ತೆರಬೇಕು.

3. ಸೊನ್ನೆ ಬಿಲ್ಲನ್ನೂ ಓದಿ

ರಾಜ್ಯ ಸರ್ಕಾರದ ಉಚಿತ ವಿದ್ಯುತ್ ಯೋಜನೆ ಗೃಹ ಜ್ಯೋತಿ 2023ರ ಆಗಸ್ಟ್‌ನಲ್ಲಿ ಜಾರಿಗೆ ಬಂದಂದಿನಿಂದ ಲಕ್ಷಾಂತರ ಮನೆಗಳಿಗೆ ಸೊನ್ನೆ ಮೊತ್ತದ ಬಿಲ್ ಬರುತ್ತಿದೆ. ಸೊನ್ನೆ ಕಂಡ ಕೂಡಲೇ ಚೀಟಿ ಕಸದ ಬುಟ್ಟಿಗೆ ಹೋಗುತ್ತದೆ. ಆದರೆ ಲೆಕ್ಕ ಹೀಗಿದೆ: 2022-23ರಲ್ಲಿ ನಿಮ್ಮ ತಿಂಗಳ ಸರಾಸರಿ 100 ಯೂನಿಟ್ ಇದ್ದಿದ್ದರೆ, ಶೇ. 10 ಸೇರಿಸಿ 110 ಯೂನಿಟ್ ಉಚಿತ. 130 ಬಳಸಿದರೆ 20 ಯೂನಿಟ್‌ಗೆ ದುಡ್ಡು ಕಟ್ಟಬೇಕು. 200 ದಾಟಿತೋ, ಆ ತಿಂಗಳ ಪೂರ್ತಿ ಬಿಲ್ ನಿಮ್ಮದೇ. ಬೇಸಿಗೆಯಲ್ಲಿ ಕೂಲರ್ ಹಾಕಿದ ಮನೆಗಳಿಗೆ ಆಘಾತವಾಗುವುದು ಇಲ್ಲಿ. ನಿಮಗೆ ಎಷ್ಟು ಯೂನಿಟ್ ಉಚಿತ ಎಂದು ತಿಳಿದುಕೊಂಡು, ಅದನ್ನು ಮೀಟರ್ ಪೆಟ್ಟಿಗೆಯ ಪಕ್ಕ ಬರೆದಿಡಿ. ತಿಂಗಳ ನಡುವೆ ಒಮ್ಮೆ ಮೀಟರ್ ನೋಡಿದರೆ ಕೈ ಹಿಡಿಯಲು ಇನ್ನೂ ಹದಿನೈದು ದಿನ ಸಿಗುತ್ತದೆ.

4. ಥರ್ಮಲ್ ಚೀಟಿಯನ್ನು ನೆಚ್ಚಬೇಡಿ

ಕೈಯಲ್ಲಿ ಹಿಡಿದ ಮಷಿನ್‌ನಿಂದ ಮೀಟರ್ ರೀಡರ್ ಹರಿದುಕೊಡುವ ಚೀಟಿಯಲ್ಲಿ ಶಾಯಿಯೇ ಇಲ್ಲ. ಶಾಖ ತಗುಲಿದರೆ ಕಪ್ಪಾಗುವ ರಾಸಾಯನಿಕ ಲೇಪನ ಅದರಲ್ಲಿದೆ. ಹಾಗಾಗಿ ಬಿಸಿಲು, ಒಲೆಯ ಹತ್ತಿರದ ಶಾಖ, ಪ್ಲಾಸ್ಟಿಕ್ ಕವರ್, ಎಣ್ಣೆಗೈ ಎಲ್ಲವೂ ಅದಕ್ಕೆ ಶತ್ರುಗಳು. ಕೆಲವೇ ತಿಂಗಳಲ್ಲಿ ಅಕ್ಷರ ಮಾಸಿಹೋಗುತ್ತದೆ. ಜೋಪಾನವಾಗಿರಲೆಂದು ಲ್ಯಾಮಿನೇಷನ್ ಮಾಡಿಸಿದರೆ ಆ ಶಾಖಕ್ಕೆ ಚೀಟಿ ಪೂರಾ ಕಪ್ಪಾಗುತ್ತದೆ. ಬಂದ ದಿನವೇ ಫೋಟೊ ತೆಗೆಯಿರಿ, ಮುಖ್ಯವಾದದ್ದಾದರೆ ಜೆರಾಕ್ಸ್ ಮಾಡಿಸಿ. ಕಾಗದದ ಬಿಲ್ ಇಟ್ಟುಕೊಂಡಿದ್ದೇವೆ ಎಂಬ ಧೈರ್ಯದಲ್ಲಿರುವ ಎಷ್ಟೋ ಮನೆಗಳ ಫೈಲಿನಲ್ಲಿ ಉಳಿದಿರುವುದು ಬಿಳಿ ಚೀಟಿಗಳ ಕಂತೆ ಮಾತ್ರ.

5. ಸ್ಕ್ರೀನ್‌ಶಾಟ್ ಸಾಲದು, ಪಿಡಿಎಫ್ ಇಳಿಸಿಕೊಳ್ಳಿ

ಮಾಹಿತಿ ತಂತ್ರಜ್ಞಾನ ಕಾಯ್ದೆ, 2000 ವಿದ್ಯುನ್ಮಾನ ದಾಖಲೆಗೆ ಕಾಗದದಷ್ಟೇ ಮಾನ್ಯತೆ ಕೊಟ್ಟಿದೆ. ಅದಕ್ಕೆ ಬೇಕಾದದ್ದು ಪೂರ್ತಿ ದಾಖಲೆ. ಪಾವತಿ ಆ್ಯಪ್‌ನ ಹಸಿರು ಟಿಕ್ಕಿನ ಚಿತ್ರದಲ್ಲಿ ನಿಮ್ಮ ವಿಳಾಸ ಇರುವುದಿಲ್ಲ, ರೀಡಿಂಗ್ ಇರುವುದಿಲ್ಲ. ಸಂಸ್ಥೆಯ ಜಾಲತಾಣದಿಂದಲೋ ಅದರ ಆ್ಯಪ್‌ನಿಂದಲೋ ಬಿಲ್ಲಿನ ಪಿಡಿಎಫ್ ಇಳಿಸಿಕೊಂಡು, ಅದರ ಜೊತೆಗೇ ಪಾವತಿಯ ರಸೀದಿಯನ್ನೂ ಇಡಿ. ಫೈಲಿಗೆ ವರ್ಷ ಮೊದಲು, ತಿಂಗಳು ಆಮೇಲೆ, ಕೊನೆಗೆ ಸೇವೆಯ ಹೆಸರು ಕೊಟ್ಟರೆ ತಾವಾಗಿಯೇ ಸಾಲಾಗಿ ಕೂರುತ್ತವೆ. ಮನೆಯ ಬಿಲ್ಲುಗಳಿಗೆಂದೇ ಒಂದು ಇ-ಮೇಲ್ ವಿಳಾಸ ತೆರೆದು, ಅದನ್ನು ಇಬ್ಬರ ಫೋನಿನಲ್ಲೂ ಹಾಕಿಕೊಳ್ಳುವುದು ಇನ್ನೂ ಒಳ್ಳೆಯದು.

ಎಷ್ಟು ಕಾಲ ಇಡಬೇಕು? ವಿದ್ಯುತ್ ಕಾಯ್ದೆ, 2003ರ 56ನೇ ಸೆಕ್ಷನ್ ಪ್ರಕಾರ, ಬಾಕಿಯೆಂದು ಬಿಲ್ಲುಗಳಲ್ಲಿ ನಿರಂತರವಾಗಿ ತೋರಿಸದ ಮೊತ್ತವನ್ನು ಅದು ಮೊದಲು ಬಾಕಿಯಾದ ದಿನದಿಂದ ಎರಡು ವರ್ಷದ ನಂತರ ವಸೂಲು ಮಾಡುವಂತಿಲ್ಲ. ಹಳೆಯ ಬಾಕಿ ಇದೆ ಎಂದು ಯಾರಾದರೂ ಬಂದರೆ, ನಡುವಿನ ಬಿಲ್ಲುಗಳಲ್ಲಿ ಅದು ಇತ್ತೋ ಇಲ್ಲವೋ ಎಂದು ನಿಮ್ಮ ಫೈಲ್ ಹೇಳಬೇಕು. ಮೂರು ವರ್ಷದ ಬಿಲ್ಲುಗಳನ್ನು ಇಟ್ಟುಕೊಳ್ಳಿ. ಸಂಪರ್ಕ ಪಡೆದಾಗ ಕಟ್ಟಿದ ಠೇವಣಿಯ ರಸೀದಿ ಮತ್ತು ಆಸ್ತಿ ತೆರಿಗೆಯ ರಸೀದಿಗಳನ್ನು ಮಾತ್ರ ಯಾವತ್ತೂ ಬಿಸಾಡಬೇಡಿ. ಆ ಠೇವಣಿಗೆ ಬಡ್ಡಿ ಕೊಡಬೇಕೆಂದು ಅದೇ ಕಾಯ್ದೆಯ 47ನೇ ಸೆಕ್ಷನ್ ಹೇಳುತ್ತದೆ. ವರ್ಷಕ್ಕೊಮ್ಮೆ ಅದು ಬಿಲ್ಲಿನಲ್ಲಿ ಜಮಾ ಆಗಿದೆಯೇ ಎಂದು ನೋಡುವುದು ನಿಮ್ಮ ಹಕ್ಕು.

6. ಆಟೋಪೇ ಬದಲಾಗದ ಬಿಲ್ಲಿಗೆ ಮಾತ್ರ

ಬ್ರಾಡ್‌ಬ್ಯಾಂಡ್‌ಗೆ ಪ್ರತಿ ತಿಂಗಳೂ ಒಂದೇ ಮೊತ್ತ, ಅದಕ್ಕೆ ಆಟೋಪೇ ಹೊಂದುತ್ತದೆ. ಕರೆಂಟಿಗೆ ಮತ್ತು ನೀರಿಗೆ ನಾನು ಬೇಡವೆನ್ನುತ್ತೇನೆ. ಸೋರಿಕೆಯೋ ತಪ್ಪು ರೀಡಿಂಗೋ ಆದಾಗ ಮನೆಯವರನ್ನು ಎಚ್ಚರಿಸುವುದು ಕೈಯಾರೆ ಕಟ್ಟುವ ಆ ಒಂದು ಕ್ಷಣ. ಹಾಕಲೇಬೇಕೆಂದರೆ ಗರಿಷ್ಠ ಮೊತ್ತದ ಮಿತಿಯನ್ನು ನಿಮ್ಮ ಮಾಮೂಲಿ ಬಿಲ್ಲಿಗಿಂತ ಸ್ವಲ್ಪವೇ ಮೇಲಕ್ಕೆ ಇಡಿ. ದುಡ್ಡು ಕಡಿತವಾಗುವ 24 ಗಂಟೆ ಮೊದಲು ಸಂದೇಶ ಬರಬೇಕೆಂಬುದು ರಿಸರ್ವ್ ಬ್ಯಾಂಕಿನ ನಿಯಮ. ಆ ಸಂದೇಶವನ್ನು ತೆರೆದು ನೋಡಿ.

7. ಕೊನೆಯ ದಿನದ ರಾತ್ರಿಗೆ ಉಳಿಸಬೇಡಿ

ನಿಮ್ಮ ಖಾತೆಯಿಂದ ದುಡ್ಡು ಹೋದ ಗಳಿಗೆ ಬೇರೆ, ಅದು ಸಂಸ್ಥೆಯ ಲೆಕ್ಕಕ್ಕೆ ಸೇರುವ ಗಳಿಗೆ ಬೇರೆ. ಗಡುವಿಗೆ ಎರಡು ಮೂರು ದಿನ ಮೊದಲೇ ಕಟ್ಟಿ. ಯುಪಿಐನಲ್ಲಿ ಖಾತೆಯಿಂದ ಹಣ ಕಡಿತವಾಗಿಯೂ ವ್ಯಾಪಾರಿಗೆ ತಲುಪದಿದ್ದರೆ ಐದು ದಿನದೊಳಗೆ ತಾನಾಗಿ ವಾಪಸ್ ಬರಬೇಕು, ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು ಎಂದು ರಿಸರ್ವ್ ಬ್ಯಾಂಕ್ 2019ರ ಸೆಪ್ಟೆಂಬರ್‌ನಲ್ಲಿ ಆದೇಶಿಸಿದೆ. ಈ ಪರಿಹಾರವನ್ನು ಕೇಳುವವರೇ ಕಡಿಮೆ. ಗಾಬರಿಯಲ್ಲಿ ಅದೇ ಬಿಲ್ಲನ್ನು ಮತ್ತೊಮ್ಮೆ ಕಟ್ಟುವ ಮೊದಲು ಬ್ಯಾಂಕಿನ ಸ್ಟೇಟ್‌ಮೆಂಟ್ ನೋಡಿ, ವಹಿವಾಟಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ಭಾರತ್ ಬಿಲ್‌ಪೇ ಮೂಲಕ ಕಟ್ಟಿದ್ದರೆ ಆ ಸಂಖ್ಯೆ ಹಿಡಿದು ಅದೇ ಆ್ಯಪ್‌ನಲ್ಲಿ ದೂರು ಕೊಡಬಹುದು.

8. "ಇಂದು ರಾತ್ರಿ ಕರೆಂಟ್ ಕಟ್" ಎಂದರೆ ಫೋನ್ ಇಟ್ಟುಬಿಡಿ

"ಕಳೆದ ತಿಂಗಳ ಬಿಲ್ ಅಪ್‌ಡೇಟ್ ಆಗಿಲ್ಲ, ರಾತ್ರಿ 9.30ಕ್ಕೆ ನಿಮ್ಮ ಸಂಪರ್ಕ ಕಡಿತ, ಕೂಡಲೇ ಈ ಅಧಿಕಾರಿಗೆ ಕರೆ ಮಾಡಿ." ಈ ಸಂದೇಶ 2022ರಲ್ಲಿ ದೇಶದ ತುಂಬಾ ಹರಿದಾಡಿ ಎಷ್ಟೋ ಜನರ ಖಾತೆ ಬರಿದು ಮಾಡಿತು, ಇವತ್ತಿಗೂ ಬರುತ್ತಿದೆ. ಕರೆ ಮಾಡಿದರೆ ಸ್ಕ್ರೀನ್ ನೋಡಲು ಬಿಡುವ ಒಂದು ಆ್ಯಪ್ ಹಾಕಿಸುತ್ತಾರೆ, ಪರೀಕ್ಷೆಗೆಂದು ಹತ್ತು ರೂಪಾಯಿ ಕಟ್ಟಿಸುತ್ತಾರೆ, ಅಷ್ಟರಲ್ಲಿ ಪಿನ್ ಅವರ ಕೈ ಸೇರಿರುತ್ತದೆ.

ನೆನಪಿಡಿ: ಬಾಕಿಗಾಗಿ ಸಂಪರ್ಕ ಕಡಿತ ಮಾಡಬೇಕಾದರೆ ಕನಿಷ್ಠ 15 ದಿನಗಳ ಲಿಖಿತ ನೋಟಿಸ್ ಕೊಡಬೇಕೆಂದು ವಿದ್ಯುತ್ ಕಾಯ್ದೆಯಲ್ಲೇ ಇದೆ. ಒಂದು ರಾತ್ರಿಯ ಗಡುವು ಕೊಟ್ಟರೆ ಅದು ಮೋಸ. ಸಂಶಯವಿದ್ದರೆ ವಿದ್ಯುತ್ ಸಹಾಯವಾಣಿ 1912ಕ್ಕೆ ನೀವೇ ಕರೆ ಮಾಡಿ ಕೇಳಿ. ದುಡ್ಡು ಹೋಗಿದ್ದರೆ ನಾಚಿಕೆಪಡುತ್ತಾ ಕೂರದೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೂ ಬ್ಯಾಂಕಿಗೂ ತಿಳಿಸಿ. ಒಟಿಪಿಯನ್ನು ನೀವೇ ಹೇಳಿದ್ದ ಪ್ರಕರಣದಲ್ಲಿ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ನಿಮ್ಮದಾಗುತ್ತದೆ, ತಿಳಿಸಿದ ಮೇಲಿನದು ಬ್ಯಾಂಕಿನದು. ಮನೆಯ ಹಿರಿಯರಿಗೆ ಇದನ್ನು ಒಮ್ಮೆ ಹೇಳಿದರೆ ಸಾಲದು, ಮತ್ತೆ ಮತ್ತೆ ಹೇಳಬೇಕು. ಮೋಸಗಾರರು ಹುಡುಕುವುದೇ ಬಿಲ್ ಬಾಕಿ ಇಟ್ಟರೆ ಮರ್ಯಾದೆ ಹೋದಂತೆ ಎಂದು ಅಂಜುವ ಆ ಪ್ರಾಮಾಣಿಕ ಜನರನ್ನು.

9. ಅಪ್ಪ ಅಮ್ಮನ ಮನೆಯ ಕಾಗದದ ಬಿಲ್ ನಿಲ್ಲಿಸಬೇಡಿ

ಶಿವಮೊಗ್ಗದಲ್ಲೋ ಧಾರವಾಡದಲ್ಲೋ ಇರುವ ತಂದೆತಾಯಿಯ ಬಿಲ್ಲುಗಳನ್ನು ಬೆಂಗಳೂರಿನಿಂದ, ಅಮೆರಿಕದಿಂದ ಮಕ್ಕಳು ಕಟ್ಟುತ್ತಾರೆ. ಪ್ರೀತಿಯಿಂದಲೇ ಕಟ್ಟುತ್ತಾರೆ. ಆದರೆ ಆ ಮನೆಯ ಮೀಟರ್ ಎದುರು ಇರುವವರು ಹಿರಿಯರು. ಮೋಟರ್ ಕೆಟ್ಟು ಹಗಲಿರುಳು ಓಡುತ್ತಿದ್ದರೆ ಗುರುತಿಸಬಲ್ಲವರು ಅವರು, ಮಕ್ಕಳಿಗೆ ಅಷ್ಟು ದೂರದಿಂದ ಒಂದು ಮೊತ್ತ ಮಾತ್ರ ಕಾಣುತ್ತದೆ. ಬಿಲ್ ಕಟ್ಟುವ ಕೆಲಸ ನಿಮ್ಮದಿರಲಿ, ಬಿಲ್ ನೋಡುವ ಅಧಿಕಾರ ಅವರ ಕೈಯಲ್ಲೇ ಉಳಿಯಲಿ. ತಿಂಗಳಿಗೊಮ್ಮೆ ಫೋನಿನಲ್ಲಿ "ಎಷ್ಟು ಯೂನಿಟ್ ಬಂತಮ್ಮ?" ಎಂದು ಕೇಳಿ.

ತಾವೇ ಹೋಗಿ ಕಟ್ಟಿ ಬರುತ್ತೇವೆ ಎನ್ನುವವರನ್ನು ತಡೆಯಬೇಡಿ. ಬೆಂಗಳೂರು ಒನ್, ಕರ್ನಾಟಕ ಒನ್, ಹಳ್ಳಿಗಳಲ್ಲಿ ಗ್ರಾಮ ಒನ್ ಕೇಂದ್ರಗಳಿವೆ. ಅಲ್ಲಿ ಕಟ್ಟಿ, ರಸೀದಿ ಮಡಚಿ ಜೇಬಿಗಿಟ್ಟುಕೊಂಡು, ದಾರಿಯಲ್ಲಿ ನಾಲ್ಕು ಜನರನ್ನು ಮಾತಾಡಿಸಿ ಬರುವ ಹಿರಿಯರಿಗೆ ಮನೆಯ ಯಜಮಾನಿಕೆ ಇನ್ನೂ ತಮ್ಮದೇ ಎಂಬ ನೆಮ್ಮದಿ ಇರುತ್ತದೆ. ಅನುಕೂಲದ ಹೆಸರಿನಲ್ಲಿ ಅದನ್ನು ಕಿತ್ತುಕೊಳ್ಳಬಾರದು. ಸಂಸ್ಥೆಗಳೂ ಈ ಕೌಂಟರ್‌ಗಳನ್ನು ಮುಚ್ಚಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ.

10. ಒಂದಾದರೂ ಬಿಲ್ ಮನೆಯಾಕೆಯ ಹೆಸರಿನಲ್ಲಿರಲಿ

ಬಿಲ್ ಬರೀ ಲೆಕ್ಕದ ಚೀಟಿಯಲ್ಲ, ವಿಳಾಸದ ಪುರಾವೆಯೂ ಹೌದು. ಆಧಾರ್‌ನಲ್ಲಿ ಹಳೆಯ ವಿಳಾಸವಿರುವವರು ಬ್ಯಾಂಕಿನ ಕೆವೈಸಿಗೆ ಕರೆಂಟ್, ನೀರು, ಪೋಸ್ಟ್‌ಪೇಯ್ಡ್ ಮೊಬೈಲ್, ಪೈಪ್ ಗ್ಯಾಸ್ ಬಿಲ್ಲುಗಳಲ್ಲಿ ಒಂದನ್ನು ತಾತ್ಕಾಲಿಕವಾಗಿ ಕೊಡಬಹುದು. ಅದು ಎರಡು ತಿಂಗಳಿಗಿಂತ ಹಳೆಯದಾಗಿರಬಾರದು. ಎಲ್ಲವೂ ಮಾವನ ಹೆಸರಿನಲ್ಲೋ ಗಂಡನ ಹೆಸರಿನಲ್ಲೋ ಇದ್ದರೆ, ಆ ಮನೆಯಲ್ಲಿ ಮೂವತ್ತು ವರ್ಷ ಬಾಳಿದ ಹೆಣ್ಣುಮಗಳ ಕೈಯಲ್ಲಿ ತನ್ನದೆಂದು ತೋರಿಸಲು ಒಂದು ಕಾಗದವೂ ಇರುವುದಿಲ್ಲ. 2016ರ ಉಜ್ವಲ ಯೋಜನೆಯಲ್ಲಿ ಗ್ಯಾಸ್ ಸಂಪರ್ಕವನ್ನು ಹೆಣ್ಣುಮಕ್ಕಳ ಹೆಸರಿಗೇ ಕೊಡಲಾಯಿತು. ಉಳಿದ ಮನೆಗಳೂ ಆ ದಾರಿ ಹಿಡಿಯಲಿ. ತೀರಿಕೊಂಡವರ ಹೆಸರಿನಲ್ಲಿ ಇನ್ನೂ ಬರುತ್ತಿರುವ ಬಿಲ್ಲುಗಳನ್ನೂ ಇದೇ ನೆಪದಲ್ಲಿ ಬದಲಾಯಿಸಿಕೊಳ್ಳಿ. ಬೆಂಗಳೂರಿನಲ್ಲಿ ಆಸ್ತಿಯ ಇ-ಖಾತಾಕ್ಕೆ ವಿದ್ಯುತ್ ಸಂಸ್ಥೆ ಬೆಸ್ಕಾಂನ 10 ಅಂಕಿಯ ಐಡಿ ಕೇಳುವುದರಿಂದ, ಈ ಕೆಲಸ ಒಂದಲ್ಲ ಒಂದು ದಿನ ಎದುರಾಗುವುದೇ.

11. ಗ್ಯಾಸ್ ರಸೀದಿಯ ಮೊತ್ತವನ್ನೇ ಕೊಡಿ

ರಸೀದಿಯಲ್ಲಿರುವ ಬೆಲೆಯಲ್ಲಿ ಮನೆಗೆ ತಲುಪಿಸುವ ಖರ್ಚೂ ಸೇರಿದೆ. ಮೂರು ಮಹಡಿ ಹತ್ತಿ ಬಂದವನಿಗೆ ಪ್ರೀತಿಯಿಂದ ಏನಾದರೂ ಕೊಡುವುದು ನಿಮ್ಮ ಇಷ್ಟ, ಕೊಡಲೇಬೇಕೆಂಬ ನಿಯಮ ಇಲ್ಲ. ಒಟಿಪಿಯಂತೆ ಬರುವ ಡೆಲಿವರಿ ಕೋಡನ್ನು ಸಿಲಿಂಡರ್ ಕೈಗೆ ಬಂದ ಮೇಲೆ ಹೇಳಿ, ಮೊದಲೇ ಬೇಡ. 14.2 ಕಿಲೋ ಗ್ಯಾಸ್ ಇದೆಯೇ ಎಂದು ತೂಗಿ ತೋರಿಸಲು ಕೇಳಿ.

12. ಬಾಡಿಗೆ ಮನೆ ಬಿಡುವ ದಿನ ಮೀಟರ್ ಫೋಟೊ ತೆಗೆಯಿರಿ

ಬಿಡುವ ದಿನ ಮಾಲೀಕರ ಎದುರಿಗೇ ತೆಗೆದ ಫೋಟೊ ಇದ್ದರೆ ಮುಂಗಡದಲ್ಲಿ ಹಿಡಿದುಕೊಳ್ಳುವ ಮೊತ್ತದ ಜಗಳ ಇರುವುದಿಲ್ಲ. ಗೃಹ ಜ್ಯೋತಿಗೆ ಆ ಮನೆಯ ಐಡಿಯೊಂದಿಗೆ ನಿಮ್ಮ ಆಧಾರ್ ಜೋಡಿಸಿದ್ದರೆ ಸೇವಾ ಸಿಂಧು ಜಾಲತಾಣದಲ್ಲಿ ಡಿಲಿಂಕ್ ಮಾಡಿ, ಆಮೇಲೆ ಹೊಸ ಮನೆಯ ಐಡಿಗೆ ಸೇರಿಸಿ. ಹಾಗೇ ಬಿಟ್ಟರೆ ಹೊಸ ಮನೆಯಲ್ಲಿ ನಿಮಗೂ ಇಲ್ಲ, ಹಳೆಯ ಮನೆಗೆ ಬಂದವರಿಗೂ ತೊಡಕು. ಆ್ಯಪ್‌ನಲ್ಲಿ ಉಳಿಸಿಕೊಂಡ ಹಳೆಯ ಮನೆಯ ನಂಬರನ್ನು ಅಳಿಸಿ. ಅಭ್ಯಾಸಬಲದಿಂದ ಬೇರೆಯವರ ಬಿಲ್ ಕಟ್ಟಿದರೆ ದುಡ್ಡು ವಾಪಸ್ ಬರುವುದು ಕಷ್ಟ.

13. ತಪ್ಪು ಬಿಲ್ ಬಂದರೆ ಬರೆದು ಕೊಡಿ

ಬಾಯಿಮಾತಿನ ದೂರಿಗೆ ಆಯುಸ್ಸು ಕಡಿಮೆ. ಕರೆಂಟಿಗೆ 1912, ಬೆಂಗಳೂರಿನ ನೀರಿಗೆ 1916. ಕರೆ ಮಾಡಿದಾಗ ಕೊಡುವ ದೂರಿನ ಸಂಖ್ಯೆಯನ್ನು ಬಿಲ್ಲಿನ ಮೇಲೇ ಬರೆಯಿರಿ. ಕೆಲಸ ಆಗದಿದ್ದರೆ ಉಪವಿಭಾಗದ ಕಚೇರಿಗೆ ಮೀಟರ್ ಫೋಟೊ, ಹಿಂದಿನ ಆರು ತಿಂಗಳ ಬಿಲ್ಲುಗಳ ಪ್ರತಿ ಲಗತ್ತಿಸಿ ಅರ್ಜಿ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಮೊಹರು ಹಾಕಿಸಿಕೊಳ್ಳಿ. ಅಲ್ಲೂ ಆಗದಿದ್ದರೆ ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆ ಇದೆ, ಅದರ ಮೇಲೆ ವಿದ್ಯುತ್ ಓಂಬುಡ್ಸ್‌ಮನ್ ಇದ್ದಾರೆ. ಎರಡಕ್ಕೂ ವಿದ್ಯುತ್ ಕಾಯ್ದೆಯ 42ನೇ ಸೆಕ್ಷನ್ ಆಧಾರ.

ವಿವಾದ ಮುಗಿಯುವವರೆಗೆ ಸಂಪರ್ಕ ಕಡಿತವಾಗುತ್ತದೆಂಬ ಭಯ ಬೇಡ. ಕೇಳಿದ ಪೂರ್ತಿ ಮೊತ್ತವನ್ನೋ, ಅಥವಾ ಹಿಂದಿನ ಆರು ತಿಂಗಳ ಸರಾಸರಿಯ ಮೇಲೆ ಲೆಕ್ಕ ಹಾಕಿದ ಮೊತ್ತವನ್ನೋ, ಎರಡರಲ್ಲಿ ಯಾವುದು ಕಡಿಮೆಯೋ ಅದನ್ನು "ಆಕ್ಷೇಪಣೆಯೊಂದಿಗೆ" ಎಂದು ಬರೆದು ಕಟ್ಟಿದರೆ ಸಂಪರ್ಕ ಕಡಿಯುವಂತಿಲ್ಲ. ಇದು 56ನೇ ಸೆಕ್ಷನ್‌ನಲ್ಲೇ ಇರುವ ರಕ್ಷಣೆ. ಆ ಸರಾಸರಿ ತೆಗೆಯಲು ಆರು ತಿಂಗಳ ಬಿಲ್ಲುಗಳು ಬೇಕು. ಫೋನಿನಿಂದ ತೆಗೆದರೂ ಸರಿ, ತಂತಿಯಿಂದ ಬಿಡಿಸಿದರೂ ಸರಿ, ಅವು ಅಂದು ನಿಮ್ಮ ಕೈಯಲ್ಲಿರಬೇಕು.